ಮೂವ್‌ಗಳೆಲ್ಲ ಬರುತ್ತವೆ, ಹಾಡು ಶುರುವಾದರೆ ಕಾಲು ನಿಲ್ಲುತ್ತದೆ: ಸ್ವಿಂಗ್ ಮತ್ತು ಬ್ಲೂಸ್ ನೃತ್ಯದ ಕಲಿಕೆ ಕುರಿತು

ಹೊಸಹೆಜ್ಜೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಉದ್ಯೋಗದ ಕಾರಣ ಚಿಕಾಗೋಗೆ ಬಂದು ನೆಲೆಸಿ ಮೂರು ವರ್ಷಗಳಾದವು. ಕಳೆದ ಏಳು ತಿಂಗಳಿಂದ ಪ್ರತಿ ಮಂಗಳವಾರ ಸಂಜೆ ಲಿಂಡಿ ಹಾಪ್ ತರಗತಿಗೆ ಹೋಗುತ್ತಿದ್ದೇನೆ. ಪರಿಚಯವಿಲ್ಲದವರಿಗಾಗಿ ಹೇಳುವುದಾದರೆ, ಇದು ಸ್ವಿಂಗ್ ಜಾಝ್ ಸಂಗೀತಕ್ಕೆ ಇಬ್ಬರು ಜೊತೆಯಾಗಿ, ಮುಂಚಿತವಾಗಿ ಏನನ್ನೂ ಗೊತ್ತುಮಾಡಿಕೊಳ್ಳದೆ ಕುಣಿಯುವ ನೃತ್ಯ. ಮುನ್ನಡೆಸುವವರನ್ನು ಲೀಡ್ ಎಂದೂ ಅದಕ್ಕೆ ಸ್ಪಂದಿಸುವವರನ್ನು ಫಾಲೋ ಎಂದೂ ಕರೆಯುತ್ತಾರೆ. ನಾನು ಲೀಡ್ ಕಲಿಯುತ್ತಿದ್ದೇನೆ.

ಸ್ವಿಂಗ್‌ಔಟ್ (ಸಂಗಾತಿಯನ್ನು ಹತ್ತಿರ ಕರೆದು ಮತ್ತೆ ದೂರಕ್ಕೆ ಕಳಿಸುವುದು), ಟಕ್ ಟರ್ನ್, ಚಾರ್ಲ್‌ಸ್ಟನ್ ಎಲ್ಲ ಸೇರಿ ಹದಿನಾಲ್ಕು ಮೂವ್‌ಗಳು, ಅಂದರೆ ಹೆಜ್ಜೆಗಳ ಗೊತ್ತಾದ ಜೋಡಣೆಗಳು, ನನ್ನ ಪಟ್ಟಿಯಲ್ಲಿವೆ. ಶಿಕ್ಷಕರು ಎಣಿಸುತ್ತಿರುವಾಗ ಅವೆಲ್ಲವನ್ನೂ ತಪ್ಪಿಲ್ಲದೆ ಮಾಡುತ್ತೇನೆ. ಆದರೆ ತಿಂಗಳಿಗೊಮ್ಮೆ ವಾದ್ಯವೃಂದದೊಂದಿಗೆ ನಡೆಯುವ ಸೋಷಿಯಲ್ ನೃತ್ಯಕ್ಕೆ, ಅಂದರೆ ಪಾಠವಿಲ್ಲದೆ ಎಲ್ಲರೂ ಸೇರಿ ಕುಣಿಯುವ ಕೂಟಕ್ಕೆ, ಹೋದಾಗ, ಮೊದಲ ಮೂರು ಮೂವ್‌ಗಳಾದ ಮೇಲೆ ಮುಂದೇನು ಎಂದು ತೋಚದೆ, ಸಂಗಾತಿಯ ಕೈ ಹಿಡಿದುಕೊಂಡು ಮನಸ್ಸಿನಲ್ಲೇ ಪಟ್ಟಿ ಹುಡುಕುತ್ತಾ ನಿಂತುಬಿಡುತ್ತೇನೆ. ಶಿಕ್ಷಕರಲ್ಲಿ ಕೇಳಿದಾಗ, ಮುಂದಿನ ಹಂತದ ತರಗತಿಗೆ ಸೇರಿದರೆ ಇನ್ನಷ್ಟು ಮೂವ್‌ಗಳು ಸಿಗುತ್ತವೆ, ಆಗ ಸರಿಹೋಗುತ್ತದೆ ಎಂದರು. ನನಗೆ ಹಾಗನ್ನಿಸುತ್ತಿಲ್ಲ.

ಇದೇ ಊರಿನಲ್ಲಿ ಶುಕ್ರವಾರಗಳಂದು ಬ್ಲೂಸ್ ನೃತ್ಯವೂ ಇದೆ. ಅದು ನಿಧಾನಗತಿಯ ಸ್ವಿಂಗ್ ಅಷ್ಟೇ ಎಂದು ತರಗತಿಯಲ್ಲಿ ಹೇಳಿದ್ದರು. ಅಲ್ಲಿ ಹೋಗಿ ನೋಡಿದರೆ ಅವರ ನಿಲುವು, ನಡೆ, ಕೈ ಹಿಡಿಯುವ ಬಗೆ ಎಲ್ಲವೂ ಬೇರೆಯಾಗಿ ಕಂಡವು. ಕಲಿತವರು, ಕಲಿಸಿದವರು ದಯವಿಟ್ಟು ದಾರಿ ತೋರಿಸಬೇಕು.

ಲೆನಾಕ್ಸ್‌ದಾರಿ ಬರೆದದ್ದು:

ನಾನು ನ್ಯೂಯಾರ್ಕಿನಲ್ಲಿ ಹನ್ನೊಂದು ವರ್ಷಗಳಿಂದ ಲಿಂಡಿ ಹಾಪ್ ಕಲಿಸುತ್ತಿದ್ದೇನೆ. ನೀವು ಬರೆದಿರುವ ಸಂಕಟವನ್ನು ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಮೊದಲ ನಾಲ್ಕೈದು ವರ್ಷ ಅದಕ್ಕೆ ನನ್ನ ಪಾಠಕ್ರಮವೇ ಕಾರಣವಾಗಿತ್ತು. ಹಣ ಕೊಟ್ಟು ಬಂದವರು ಮನೆಗೆ ಹೊರಡುವಾಗ ಏನಾದರೂ ಗಿಟ್ಟಿತು ಎನ್ನಿಸಬೇಕಾಗುತ್ತದೆ, ಮೂವ್ ಎಂಬುದು ಎಣಿಸಿ ತೋರಿಸಬಹುದಾದ ವಸ್ತು. ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿಯಾಗಿ ದಾಟಿಸಲು ಕಲಿತದ್ದನ್ನು ಹಾಗೆ ಎಣಿಸಿ ತೋರಿಸಲು ಬರುವುದಿಲ್ಲ. ಆದ್ದರಿಂದ ವಾರಕ್ಕೊಂದು ಮೂವ್ ಎಂಬ ಪದ್ಧತಿ ಬೇರೂರಿತು ಎಂದು ನನಗನ್ನಿಸುತ್ತದೆ.

ಈ ನೃತ್ಯ ಹುಟ್ಟಿದ ಕಡೆ ಅದನ್ನು ಕಲಿತ ಬಗೆಯೇ ಬೇರೆ. ನ್ಯೂಯಾರ್ಕಿನಲ್ಲಿ ಕಪ್ಪು ಜನರು ಹೆಚ್ಚಾಗಿದ್ದ ಹಾರ್ಲೆಮ್ ಬಡಾವಣೆಯ ಲೆನಾಕ್ಸ್ ಅವೆನ್ಯೂದಲ್ಲಿ, 140 ಮತ್ತು 141ನೇ ಬೀದಿಗಳ ನಡುವೆ, 1926ರ ಮಾರ್ಚ್‌ನಲ್ಲಿ ಸವಾಯ್ ಬಾಲ್‌ರೂಮ್ ತೆರೆಯಿತು, 1958ರಲ್ಲಿ ಮುಚ್ಚಿತು. ದೇಶದ ಬಹುಪಾಲು ನೃತ್ಯಶಾಲೆಗಳಲ್ಲಿ ವರ್ಣಭೇದ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಕಪ್ಪು ಜನರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿದರು. ಎರಡು ವೇದಿಕೆಗಳಿದ್ದು, ಒಂದು ವೃಂದ ನಿಲ್ಲಿಸುತ್ತಿದ್ದಂತೆ ಇನ್ನೊಂದು ಎತ್ತಿಕೊಳ್ಳುತ್ತಿದ್ದುದರಿಂದ ಸಂಗೀತಕ್ಕೆ ಬಿಡುವೇ ಇರುತ್ತಿರಲಿಲ್ಲ. ಡ್ರಮ್ ವಾದಕ ಚಿಕ್ ವೆಬ್ ಅವರ ವೃಂದ ಅಲ್ಲಿ ವರ್ಷಗಟ್ಟಲೆ ನುಡಿಸಿತು. ಅತ್ಯುತ್ತಮ ನರ್ತಕರು ಕ್ಯಾಟ್ಸ್ ಕಾರ್ನರ್ ಎಂಬ ಒಂದು ಮೂಲೆಯಲ್ಲಿ ಕುಣಿಯುತ್ತಿದ್ದರು, ಉಳಿದವರು ಸುತ್ತ ನಿಂತು ನೋಡಿ, ಮನೆಗೆ ಹೋಗಿ ಪ್ರಯತ್ನಿಸಿ, ಮರುದಿನ ಮತ್ತೆ ಬರುತ್ತಿದ್ದರು.

ಫ್ರ್ಯಾಂಕಿ ಮ್ಯಾನಿಂಗ್ ಹೀಗೆ ಕಲಿತವರಲ್ಲಿ ಒಬ್ಬರು. ಹುಡುಗನಾಗಿದ್ದಾಗ ಅವರ ತಾಯಿ, ನಿನ್ನ ಮೈ ತುಂಬಾ ಬಿಗಿ, ನಿನಗೆ ನೃತ್ಯ ಬರುವುದಿಲ್ಲ ಎಂದಿದ್ದರಂತೆ. ಆಮೇಲೆ ಅವರು ಕೋಣೆಯ ಬಾಗಿಲು ಹಾಕಿಕೊಂಡು ಕುರ್ಚಿಯನ್ನೂ ಪೊರಕೆಯನ್ನೂ ಸಂಗಾತಿಯಾಗಿಸಿಕೊಂಡು ಅಭ್ಯಾಸ ಮಾಡಿದರು. ಮೊದಲು ಅಲ್ಹಾಂಬ್ರಾ, ಬಳಿಕ ರೆನೆಸಾನ್ಸ್, ಕೊನೆಗೆ ಸವಾಯ್ ಎಂದು ಒಂದೊಂದೇ ಬಾಲ್‌ರೂಮ್ ದಾಟಿದರು. ಸಂಗಾತಿಯನ್ನು ಗಾಳಿಯಲ್ಲಿ ತಿರುಗಿಸುವ ಏರ್ ಸ್ಟೆಪ್ ಅನ್ನು 1935ರಲ್ಲಿ ಫ್ರೀಡಾ ವಾಷಿಂಗ್ಟನ್ ಅವರೊಂದಿಗೆ ಸವಾಯ್‌ನ ಒಂದು ಸ್ಪರ್ಧೆಯಲ್ಲಿ ಮೊದಲ ಬಾರಿಗೆ ಮಾಡಿ ತೋರಿಸುವ ಹೊತ್ತಿಗೆ, ಅವರು ಎಷ್ಟೋ ವರ್ಷ ಆ ಸಂಗೀತದಲ್ಲೇ ಮುಳುಗಿದ್ದರು. ಮುಂದೆ ಮೂವತ್ತು ವರ್ಷಗಳಷ್ಟು ಅಂಚೆ ಇಲಾಖೆಯಲ್ಲಿ ದುಡಿದು, 1980ರ ದಶಕದಲ್ಲಿ ಮತ್ತೆ ಕಲಿಸಲು ಬಂದಾಗ ಅವರು ಅಂಕಿಗಳನ್ನು ಎಣಿಸುವುದಕ್ಕಿಂತ ಲಯವನ್ನು ಬಾಯಲ್ಲಿ ಹಾಡಿ ತೋರಿಸುವುದನ್ನೇ ಹೆಚ್ಚು ನೆಚ್ಚಿದ್ದರು.

ಈಗ ನಾನು ಮೊದಲ ತರಗತಿಯ ನಲವತ್ತು ನಿಮಿಷ ಒಂದು ಮೂವ್ ಕೂಡ ಕಲಿಸುವುದಿಲ್ಲ. ಕೌಂಟ್ ಬೇಸಿ ವೃಂದದ ಧ್ವನಿಮುದ್ರಿಕೆ ಹಾಕಿ, ಫ್ರೆಡ್ಡಿ ಗ್ರೀನ್ ಅವರ ಗಿಟಾರ್ ಎಲ್ಲಿದೆ ಹುಡುಕಿ ಎನ್ನುತ್ತೇನೆ. ಹಿತ್ತಾಳೆ ವಾದ್ಯಗಳ ಅಬ್ಬರದ ಅಡಿಯಲ್ಲಿ ಆ ಗಿಟಾರ್ ಒಂದು ಅಳತೆಗೆ (ನಾಲ್ಕು ಪೆಟ್ಟುಗಳ ಒಂದು ಗುಂಪಿಗೆ) ನಾಲ್ಕು ಸಲ, ಹಾಡು ಮುಗಿಯುವವರೆಗೂ ಚುಕ್ ಚುಕ್ ಎಂದು ನಡೆದೇ ಇರುತ್ತದೆ. ಅದು ಕಿವಿಗೆ ಸಿಕ್ಕಮೇಲೆ ಒಬ್ಬೊಬ್ಬರೇ ಅದಕ್ಕೆ ನಡೆಯಬೇಕು, ಬಳಿಕ ಇಬ್ಬರು ಕೈ ಹಿಡಿದು ನಡೆಯಬೇಕು, ನಿಲ್ಲಬೇಕು, ದಿಕ್ಕು ಬದಲಿಸಬೇಕು. ಹೀಗೆ ನಡೆಯುವಾಗ ಸಂಗಾತಿಯ ಭಾರ ಈಗ ಎಡಗಾಲಿನ ಮೇಲಿದೆಯೋ ಬಲಗಾಲಿನ ಮೇಲಿದೆಯೋ ಎಂಬುದು ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯತೊಡಗುತ್ತದೆ. ಅಂದಿನಿಂದ ಲೀಡ್ ಮಾಡುವುದು ಸುಲಭ.

ನಿಮಗೆ ನನ್ನ ಸಲಹೆ ಇದು. ಹದಿನಾಲ್ಕರಲ್ಲಿ ಮೂರನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಒಂದು ತಿಂಗಳು ಬದಿಗಿಡಿ. ಮೂವ್ ಮುಗಿದು ಏನೂ ತೋಚದಿದ್ದರೆ ಸುಮ್ಮನೆ ತಾಳಕ್ಕೆ ಜೊತೆಯಾಗಿ ತೂಗಿ, ಅದೂ ನೃತ್ಯವೇ. ಇನ್ನೊಂದು ಮಾತು, ನೀವು ಹಾಕಿಕೊಳ್ಳುವ ಬೂಟಿನ ಅಟ್ಟೆ ರಬ್ಬರಿನದಾಗಿದ್ದರೆ ಬದಲಿಸಿ. ರಬ್ಬರು ನೆಲಕ್ಕೆ ಕಚ್ಚಿಕೊಂಡು, ತಿರುಗುವಾಗ ಪಾದ ಹಿಂದುಳಿದು ಮಂಡಿ ಮಾತ್ರ ತಿರುಚಿಕೊಳ್ಳುತ್ತದೆ. ಚರ್ಮದ ಅಟ್ಟೆ ಒಳ್ಳೆಯದು.

ತಕಿಟ ಬರೆದದ್ದು:

ನಾನು ಮೈಸೂರಿನಲ್ಲಿ ಒಂಬತ್ತು ವರ್ಷ ಮೃದಂಗ ಕಲಿತು, ಆಮೇಲೆ ಸಿಯಾಟಲ್‌ನಲ್ಲಿದ್ದಾಗ ಲಿಂಡಿ ಹಾಪ್ ಕಲಿತೆ. ನಮ್ಮ ಸಂಗೀತದ ಅಭ್ಯಾಸವಿರುವವರಿಗೆ ಇಲ್ಲಿ ಒಂದು ಅನುಕೂಲವೂ ಒಂದು ತೊಡಕೂ ಇವೆ.

ತೊಡಕನ್ನು ಮೊದಲು ಹೇಳುತ್ತೇನೆ. ಆದಿತಾಳ ಹಾಕುವಾಗ ನಮ್ಮ ಅಂಗೈ 1, 5, 7ರಲ್ಲಿ ತೊಡೆಯ ಮೇಲೆ ಬೀಳುತ್ತದೆ. ಸಮದಲ್ಲಿ, ಅಂದರೆ ಆವರ್ತದ ಮೊದಲ ಪೆಟ್ಟಿನಲ್ಲಿ, ಬಂದು ಕೂರುವುದೇ ನಮಗೆ ನೆಮ್ಮದಿ. ಸ್ವಿಂಗ್ ಸಂಗೀತ ಕೇಳುವವರು 2 ಮತ್ತು 4ರಲ್ಲಿ ಚಪ್ಪಾಳೆ ತಟ್ಟುತ್ತಾರೆ, ಡ್ರಮ್ಮಿನ ಹೈ-ಹ್ಯಾಟ್ ತಾಳಗಳೂ ಅಲ್ಲೇ ಕೂಡಿಕೊಳ್ಳುತ್ತವೆ. ಒಂದರ ಮೇಲೆ ಧಪ್ಪನೆ ಕಾಲಿಡುವ ನನ್ನ ಅಭ್ಯಾಸದಿಂದ ಸಂಗಾತಿಗಳಿಗೆ ಪ್ರತಿ ಎಂಟಕ್ಕೊಮ್ಮೆ ಗಾಡಿ ಗುಂಡಿಗೆ ಬಿದ್ದ ಹಾಗಾಗುತ್ತಿತ್ತೆಂದು ಒಬ್ಬರು ಬಾಯಿಬಿಟ್ಟು ಹೇಳಿದ ಮೇಲೆ ನನಗೆ ಗೊತ್ತಾಯಿತು. ಎರಡು ತಿಂಗಳು ಬಸ್ಸಿನಲ್ಲಿ ಹೋಗುವಾಗ ಬರುವಾಗ ಹಾಡು ಕೇಳುತ್ತಾ 2 ಮತ್ತು 4ಕ್ಕೆ ಬೆರಳು ತಟ್ಟಿ ಅದನ್ನು ಸರಿಪಡಿಸಿಕೊಂಡೆ.

ಅನುಕೂಲವೆಂದರೆ ತಿಶ್ರ, ಅಂದರೆ ಒಂದು ಪೆಟ್ಟನ್ನು ಮೂರಾಗಿ ಒಡೆಯುವುದು, ನಮಗೆ ಆಗಲೇ ಗೊತ್ತಿರುವುದು. ಒಂದು ಅಕ್ಷರಕ್ಕೆ ‘ತಕಿಟ’ ಎಂದು ಹೇಳಿ, ಆಮೇಲೆ ನಡುವಿನ ‘ಕಿ’ಯನ್ನು ನುಂಗಿ ‘ತಾ..ಟ, ತಾ..ಟ’ ಎಂದು ಹೇಳುತ್ತಾ ಹೋಗಿ. ಸ್ವಿಂಗ್‌ನ ತೂಗು ಹೆಚ್ಚು ಕಡಿಮೆ ಅದೇ. ಎರಡು ಪೆಟ್ಟುಗಳಲ್ಲಿ ಮೂರು ಹೆಜ್ಜೆ ಇಡುವ ಟ್ರಿಪಲ್ ಸ್ಟೆಪ್ ಅನ್ನು ಅಂಕಿಯಲ್ಲಿ ಎಣಿಸಿದರೆ ನಡುವಿನ ಹೆಜ್ಜೆ ಸರಿಯಾಗಿ ಮಧ್ಯದಲ್ಲಿ ಬಿದ್ದು ಕವಾಯತಿನಂತೆ ಕೇಳುತ್ತದೆ. ‘ತಾ..ಟತಾ’ ಎಂದು ಬಾಯಲ್ಲಿ ಹೇಳಿಕೊಂಡರೆ ಆ ಹೆಜ್ಜೆ ತಡವಾಗಿ ಬಂದು ಮೂರನೆಯದಕ್ಕೆ ಒರಗಿಕೊಳ್ಳುತ್ತದೆ. ಆದರೆ ಇದು ಗಣಿತದಷ್ಟು ಖಚಿತವಲ್ಲ. ಹಾಡಿನ ವೇಗ ಹೆಚ್ಚಿದಂತೆ ಉದ್ದ, ಗಿಡ್ಡಗಳ ಅಂತರ ಕಡಿಮೆಯಾಗಿ ಎರಡೂ ಸಮಸಮವಾಗುತ್ತ ಹೋಗುತ್ತವೆ. ಅದನ್ನು ಕಿವಿಯೇ ಹೇಳಬೇಕು.

ಲೆಕ್ಕ ಇಷ್ಟಪಡುವವರಿಗೆ ಇನ್ನೊಂದು ವಿಷಯ. ಲಿಂಡಿ ಹಾಪ್‌ನಲ್ಲಿ ಆರು ಎಣಿಕೆಯ ಮೂವ್‌ಗಳೂ ಎಂಟು ಎಣಿಕೆಯ ಮೂವ್‌ಗಳೂ ಇವೆ. ಹೊಸಬರು ಆರರದ್ದನ್ನು ಮಾಡಿದ ಮೇಲೆ ಸಂಗೀತದ ಎಂಟರಿಂದ ಜಾರಿಹೋದೆವೆಂದು ಗಾಬರಿಯಾಗುತ್ತಾರೆ. ಹನ್ನೆರಡು ಅಳತೆಯ ಬ್ಲೂಸ್ ಆವರ್ತದಲ್ಲಿ 48 ಪೆಟ್ಟುಗಳಿರುತ್ತವೆ. ಆರರ ಎಂಟು ಮೂವ್‌ಗಳು ಮಾಡಿದರೂ ಎಂಟರ ಆರು ಮೂವ್‌ಗಳು ಮಾಡಿದರೂ ಸರಿಯಾಗಿ ಸಮಕ್ಕೇ ಬಂದು ಸೇರುತ್ತೀರಿ. ಮೃದಂಗದಲ್ಲಿ ಕೋರ್ವೆ ಎಂಬ ಮುಕ್ತಾಯದ ಲಯಗುಚ್ಛ ಮುಗಿಸಿ ಎಡುಪಿಗೆ, ಅಂದರೆ ಹಾಡು ಎತ್ತಿಕೊಳ್ಳುವ ಜಾಗಕ್ಕೆ, ಬಂದಾಗ ಆಗುವ ಸಂತೋಷವೇ ಅಲ್ಲಿಯೂ ಆಗುತ್ತದೆ.

ಹೊಸಹೆಜ್ಜೆ ಬರೆದದ್ದು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಆ ಗಿಟಾರನ್ನು ಹುಡುಕುತ್ತಾ ಒಂದೇ ಹಾಡನ್ನು ಹತ್ತು ಸಲ ಕೇಳಿದೆ. ಏಳನೆಯ ಸಲಕ್ಕೆ ಸಿಕ್ಕಿತು, ಸಿಕ್ಕಿದ ಮೇಲೆ ಅದನ್ನು ಕೇಳದಿರಲು ಸಾಧ್ಯವಾಗಲಿಲ್ಲ. ಬ್ಲೂಸ್ ಬಗ್ಗೆ ತಿಳಿದವರು ಯಾರಾದರೂ ಇದ್ದರೆ ಬರೆಯಬೇಕೆಂದು ಕೋರುತ್ತೇನೆ.

ನಿಧಾನಗತಿ ಬರೆದದ್ದು:

ಬ್ಲೂಸ್ ನೃತ್ಯವನ್ನು ನಿಧಾನಗತಿಯ ಸ್ವಿಂಗ್ ಎಂದು ಕಲಿಸುವುದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ. ಹಾಗೆ ಹೇಳುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ. 1990ರ ದಶಕದಲ್ಲಿ ಲಿಂಡಿ ಹಾಪ್ ಶಿಬಿರಗಳಲ್ಲಿ ಮಧ್ಯರಾತ್ರಿಯ ನಂತರ, ಎಲ್ಲರೂ ದಣಿದ ಮೇಲೆ, ಒಂದು ಪಕ್ಕದ ಕೋಣೆಯಲ್ಲಿ ನಿಧಾನದ ಹಾಡುಗಳನ್ನು ಹಾಕುವ ರೂಢಿ ಬಂತು. ಇಂದಿನ ಬಹಳಷ್ಟು ಬ್ಲೂಸ್ ಕೂಟಗಳು ಆ ಕೋಣೆಯಿಂದಲೇ ಬೆಳೆದವು. ಹೀಗಾಗಿ ಸ್ವಿಂಗ್‌ನಿಂದ ಬಂದವರು ತಮಗೆ ಗೊತ್ತಿದ್ದುದನ್ನೇ ನಿಧಾನ ಮಾಡಿದರು. ಅದರ ಹಿಂದೆ ಒಂದು ಸಮುದಾಯದ ಇಡೀ ಪರಂಪರೆ ಇದೆ ಎಂಬುದು ಎಷ್ಟೋ ಜನರಿಗೆ ತಡವಾಗಿ ತಿಳಿಯಿತು.

ಆ ಪರಂಪರೆ ಆಫ್ರಿಕನ್ ಅಮೆರಿಕನ್ನರದು. ಸ್ಲೋ ಡ್ರ್ಯಾಗ್ ಎಂಬ ನೃತ್ಯ ಬ್ಲೂಸ್ ಧ್ವನಿಮುದ್ರಿಕೆಗಳಿಗಿಂತ ಹಳೆಯದು. 1911ರಲ್ಲಿ ಸಂಗೀತ ರಚನೆಕಾರ ಸ್ಕಾಟ್ ಜಾಪ್ಲಿನ್ ಪ್ರಕಟಿಸಿದ ಒಪೆರಾದ ಕೊನೆಯ ಭಾಗದ ಹೆಸರಿನಲ್ಲೇ ಅದು ಇದೆ, ಆದರೆ ಗಾಯಕಿ ಮೇಮಿ ಸ್ಮಿತ್ ಅವರ ಮೊದಲ ಬ್ಲೂಸ್ ಧ್ವನಿಮುದ್ರಿಕೆ ಬಂದದ್ದು 1920ರಲ್ಲಿ. ದಕ್ಷಿಣದ ಹಳ್ಳಿಗಳ ಜೂಕ್ ಜಾಯಿಂಟ್‌ಗಳಲ್ಲಿ (ಕುಡಿದು ಕುಣಿಯುವ ಸಣ್ಣ ಅಡ್ಡೆಗಳಲ್ಲಿ), ವಲಸೆ ಬಂದವರು ತುಂಬಿದ್ದ ಉತ್ತರದ ನಗರಗಳ ಮನೆಗಳಲ್ಲಿ ಅದು ಬೆಳೆಯಿತು. ಹಾರ್ಲೆಮ್‌ನಲ್ಲಿ ಬಾಡಿಗೆ ಕಟ್ಟಲಾಗದವರು ಸಣ್ಣ ಚೀಟಿ ಅಚ್ಚುಹಾಕಿಸಿ ಹಂಚಿ, ಮನೆಯ ಸಾಮಾನು ಬದಿಗೆ ಸರಿಸಿ, ಪಿಯಾನೋ ನುಡಿಸುವವರನ್ನು ಕರೆಸಿ, ಪ್ರವೇಶಕ್ಕೆ ಚಿಲ್ಲರೆ ಹಣ ಪಡೆದು ಕೂಟ ನಡೆಸುತ್ತಿದ್ದರು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅಂಥ ಚೀಟಿಗಳನ್ನು ಸಂಗ್ರಹಿಸಿಟ್ಟಿದ್ದರು. ಹತ್ತಡಿ ಕೋಣೆಯಲ್ಲಿ ಇಪ್ಪತ್ತು ಮಂದಿ ಸೇರಿದರೆ ಸ್ವಿಂಗ್‌ಔಟ್ ಮಾಡಲು ಜಾಗ ಎಲ್ಲಿ? ಅಲ್ಲಿ ಹತ್ತಿರ ನಿಂತು, ಇದ್ದಲ್ಲೇ ಭಾರವನ್ನು ಎಳೆದೆಳೆದು ದಾಟಿಸುವುದೇ ನೃತ್ಯವಾಯಿತು. ಹೊಸಹೆಜ್ಜೆಯವರೇ, ನೀವಿರುವ ಚಿಕಾಗೋಗೆ ಬ್ಲೂಸ್ ಗಾಯಕ, ಗಿಟಾರ್ ವಾದಕ ಮಡ್ಡಿ ವಾಟರ್ಸ್ ಮಿಸಿಸಿಪ್ಪಿಯಿಂದ ಬಂದದ್ದು 1943ರಲ್ಲಿ. ನೀವು ಶುಕ್ರವಾರ ಕೇಳಿದ ವಿದ್ಯುತ್ ಗಿಟಾರಿನ ದನಿ ಆ ವಲಸೆಯಿಂದ ಬಂದದ್ದು.

ಇನ್ನು ಕಲಿಯುವ ಬಗೆ. ಮಂಡಿ ಸಡಿಲ, ಸೊಂಟ ತುಸು ಹಿಂದೆ, ಭಾರ ನೆಲದ ಕಡೆಗೆ. ನಾಟಿ ಮಾಡುವವರು ಕೆಸರಿನಲ್ಲಿ ನಿಲ್ಲುವಾಗ ಮಂಡಿ ತಾನಾಗಿ ಸಡಿಲವಾಗುವಂತೆ. ಆ ನಿಲುವಿನಲ್ಲಿ ಪ್ರತಿ ಪೆಟ್ಟಿಗೂ ದೇಹ ಒಂದಿಷ್ಟು ಕೆಳಕ್ಕೆ ಇಳಿದು ಏಳುತ್ತಿರುತ್ತದೆ, ಕಾಲು ಎತ್ತಿಡದಿದ್ದರೂ ಆ ಮಿಡಿತ ನಿಲ್ಲುವುದಿಲ್ಲ. ಕಾಲು ಒಂದು ಲಯ ಹಿಡಿದಿರುವಾಗ ಎದೆಯೋ ಭುಜವೋ ಇನ್ನೊಂದು ಲಯ ಹಿಡಿಯಬಹುದು.

ಹಾಡಿನ ಕಟ್ಟೂ ಪಾಠ ಹೇಳುತ್ತದೆ. ಹನ್ನೆರಡು ಅಳತೆಯ ಬ್ಲೂಸ್‌ನಲ್ಲಿ ಸಾಮಾನ್ಯವಾಗಿ ಗಾಯಕರು ಒಂದು ಸಾಲು ಹಾಡುತ್ತಾರೆ, ಅದನ್ನೇ ಮತ್ತೆ ಹಾಡುತ್ತಾರೆ, ಮೂರನೆಯದರಲ್ಲಿ ಬೇರೆ ಮಾತು ಹೇಳಿ ಮುಗಿಸುತ್ತಾರೆ. ಪ್ರತಿ ಸಾಲಿಗೂ ನಾಲ್ಕು ಅಳತೆಗಳು, ಮಾತು ಮುಗಿಯುವುದು ಸುಮಾರು ಎರಡರಲ್ಲಿ, ಉಳಿದ ಎರಡರಲ್ಲಿ ಗಿಟಾರೋ ಹಾರ್ಮೋನಿಕಾವೋ ಉತ್ತರ ಕೊಡುತ್ತದೆ. ನನ್ನ ಗುಂಪಿನಲ್ಲಿ ನಾನು ಮಾಡಿಸುವ ಅಭ್ಯಾಸ ಇಷ್ಟೇ: ಗಾಯಕರು ಹಾಡುವಾಗ ಇಬ್ಬರೂ ಸುಮ್ಮನೆ ತೂಗಬೇಕು, ವಾದ್ಯ ಉತ್ತರಿಸುವಾಗ ಮಾತ್ರ ಏನಾದರೂ ಮಾಡಬೇಕು. ಒಂದು ಹಾಡು ಹೀಗೆ, ಮುಂದಿನ ಹಾಡಿಗೆ ಅದಲುಬದಲು. ಮೊದಲ ದಿನವೇ ಜನರ ಮುಖದಲ್ಲಿ ಕೇಳಿಸಿಕೊಳ್ಳುವ ಕಳೆ ಬರುವುದನ್ನು ನಾನು ಕಂಡಿದ್ದೇನೆ.

ಲೆನಾಕ್ಸ್‌ದಾರಿಯವರಲ್ಲಿ ಒಂದು ವಿಷಯಕ್ಕೆ ನನ್ನ ಭಿನ್ನಾಭಿಪ್ರಾಯವಿದೆ. ನಿಮ್ಮ ನಡಿಗೆಯ ಅಭ್ಯಾಸ ಒಳ್ಳೆಯದು, ಆದರೆ ಹೊಸಬರನ್ನು ಮೊದಲೇ ವೇಗದ ಹಾಡಿಗೆ ನಿಲ್ಲಿಸುವುದಕ್ಕಿಂತ ಬ್ಲೂಸ್‌ನಿಂದ ಶುರುಮಾಡುವುದು ಮೇಲು ಎಂದು ನನ್ನ ಅನುಭವ. ಭಾರ ದಾಟುವುದನ್ನು ಅರಿಯಲು ಅಲ್ಲಿ ಸಮಯ ಸಿಗುತ್ತದೆ.

ಅಂಗೈ ಬರೆದದ್ದು:

ಇಲ್ಲಿಯವರೆಗೆ ಲೀಡ್ ಕಡೆಯಿಂದಲೇ ಮಾತು ನಡೆದಿದೆ. ನಾನು ಆರು ವರ್ಷಗಳಿಂದ ಫಾಲೋ ಆಗಿ ಕುಣಿಯುತ್ತಿದ್ದೇನೆ, ಆ ಕಡೆಯಿಂದ ಕೆಲವು ಮಾತು ಹೇಳುವುದು ಅಗತ್ಯವೆನ್ನಿಸಿತು.

ಹೊಸಹೆಜ್ಜೆಯವರೇ, ನೀವು ಪಟ್ಟಿ ಹುಡುಕುತ್ತಾ ನಿಂತಾಗ ನಿಮ್ಮ ಎದುರಿನವರಿಗೆ ಬೇಸರವಾಗಿದೆ ಎಂದು ನೀವು ಭಾವಿಸಿರಬಹುದು. ಹೆಚ್ಚಿನ ಸಲ ಹಾಗಿರುವುದಿಲ್ಲ. ನಮಗೆ ಕಷ್ಟವಾಗುವುದು ಆಗ ನಿಮ್ಮ ಕೈ ಬಿಗಿಯಾಗುವುದು. ಯೋಚನೆ ಶುರುವಾದೊಡನೆ ಹೆಬ್ಬೆರಳು ನಮ್ಮ ಬೆರಳುಗಳ ಮೇಲೆ ಒತ್ತುತ್ತದೆ, ಮುಂಗೈ ಗಟ್ಟಿಯಾಗುತ್ತದೆ, ಆ ಗಳಿಗೆಯಿಂದ ನಿಮ್ಮ ದೇಹ ಎಲ್ಲಿಗೆ ಹೊರಟಿದೆ ಎಂಬುದು ನಮಗೆ ತಿಳಿಯುವುದೇ ಇಲ್ಲ. ಹೆಬ್ಬೆರಳನ್ನು ಮೇಲೆತ್ತಿ, ಬೆರಳುಗಳನ್ನು ಕೊಕ್ಕೆಯಂತೆ ಮಾತ್ರ ಬಾಗಿಸಿ ಇಟ್ಟುಕೊಳ್ಳಿ. ನೀವು ಹತ್ತು ನಿಮಿಷ ಏನೂ ಮಾಡದಿದ್ದರೂ ಸಂಗೀತಕ್ಕೆ ಸರಿಯಾಗಿ ತೂಗುತ್ತಿದ್ದರೆ ನಮಗೆ ಸಾಕು, ಆ ಬಿಡುವಿನಲ್ಲಿ ನಮಗೂ ಏನಾದರೂ ಹೇಳಲು ಅವಕಾಶ ಸಿಗುತ್ತದೆ.

ಕಲಿಸುವವರಲ್ಲಿ ನನ್ನ ಪ್ರಾರ್ಥನೆ ಏನೆಂದರೆ, ಫಾಲೋಗಳಿಗೂ ಪಾಠ ಹೇಳಿ. ನಾನು ಮೊದಲು ಸೇರಿದ್ದ ಕಡೆ ಐವತ್ತು ನಿಮಿಷ ಲೀಡ್‌ಗಳಿಗೆ ವಿವರಿಸಿ, ಕೊನೆಗೆ ನಮ್ಮ ಕಡೆ ತಿರುಗಿ, ನೀವು ಸುಮ್ಮನೆ ಜೊತೆಗೆ ಹೋಗಿ ಎನ್ನುತ್ತಿದ್ದರು. ಸ್ವಿಂಗ್‌ಔಟ್‌ನಲ್ಲಿ ಹಿಂದಕ್ಕೆ ಚಿಮ್ಮುವಾಗ ನನ್ನ ವೇಗವನ್ನು ನಾನೇ ಉಳಿಸಿಕೊಂಡು ಹೋಗಬೇಕು, ನನ್ನ ತಾಳವನ್ನು ನಾನೇ ಹಿಡಿಯಬೇಕು ಎಂಬುದನ್ನು ಎರಡು ವರ್ಷಗಳ ನಂತರ ಬೇರೊಬ್ಬರು ಹೇಳಿದಾಗ, ಅಷ್ಟು ದಿನ ಬೇರೆಯವರ ಬಂಡಿಯಲ್ಲಿ ಕೂತಿದ್ದೆನೆಂದು ಅರಿವಾಗಿ ನನಗೆ ಅಳುವೇ ಬಂದಿತ್ತು. ಸವಾಯ್‌ನ ನರ್ತಕಿ ನಾರ್ಮಾ ಮಿಲ್ಲರ್ ಅವರು ಕುಣಿಯುವ ಹಳೆಯ ಚಿತ್ರಗಳನ್ನು ನೋಡಿ. ಯಾರೋ ನಡೆಸಿದ್ದಕ್ಕೆ ನಡೆದವರಂತೆ ಅವರು ಎಲ್ಲಿಯೂ ಕಾಣುವುದಿಲ್ಲ.

ಬ್ಲೂಸ್‌ಗೆ ಸಂಬಂಧಿಸಿ ಇನ್ನೂ ಒಂದು. ಅಲ್ಲಿ ಹತ್ತಿರ ನಿಂತು ಕುಣಿಯುವುದರಿಂದ, ಎಷ್ಟು ಹತ್ತಿರ ಎಂಬುದನ್ನು ಇಬ್ಬರೂ ಸೇರಿ ತೀರ್ಮಾನಿಸಬೇಕು. ದೂರ ಬೇಕೆನ್ನಿಸಿದರೆ ಹಾಗೆಂದು ಹೇಳಲು, ಕುಣಿಯುವುದಿಲ್ಲ ಎನ್ನಲು, ನಡುವೆ ನಿಲ್ಲಿಸಲು ಹೊಸಬರಿಗೆ ಮೊದಲ ತರಗತಿಯಲ್ಲೇ ಬಾಯಿಬಿಟ್ಟು ಅಭ್ಯಾಸ ಮಾಡಿಸಬೇಕು. ಸೋಷಿಯಲ್ ನೃತ್ಯದ ನಡುವೆ ಕೇಳದೆ ತಿದ್ದಲು ಹೋಗುವ ಹಿರಿಯರನ್ನೂ ತಡೆಯಬೇಕು. ನೆಲದ ಮೇಲೆ ಎಲ್ಲರೂ ಕುಣಿಯಲು ಬಂದವರು.

ಲೆನಾಕ್ಸ್‌ದಾರಿ ಬರೆದದ್ದು:

ನಿಧಾನಗತಿಯವರ ಮಾತಿನ ಬಗ್ಗೆ ಎರಡು ದಿನ ಯೋಚಿಸಿದೆ. ನಿಧಾನದಲ್ಲಿ ಭಾರ ಅರಿಯುವುದು ಸುಲಭ ಎಂಬುದನ್ನು ಒಪ್ಪುತ್ತೇನೆ. ಆದರೆ ಹೊಸಬರು ನಿಧಾನದಲ್ಲಿ ಸಮತೋಲ ತಪ್ಪುತ್ತಾರೆ, ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಇರುವ ಅಂತರವನ್ನು ತುಂಬಲಾಗದೆ ಒದ್ದಾಡುತ್ತಾರೆ. ನಿಮಿಷಕ್ಕೆ 120ರಿಂದ 140 ಪೆಟ್ಟುಗಳ ಹಾಡಿಗೆ ನಡಿಗೆ ತಾನಾಗಿ ಕೂಡಿಬರುತ್ತದೆ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಅಂಗೈಯವರು ಬರೆದದ್ದನ್ನು ಮಾತ್ರ ಅಚ್ಚುಹಾಕಿ ನಮ್ಮ ಸಹಶಿಕ್ಷಕರಿಗೆ ಕೊಟ್ಟಿದ್ದೇನೆ. ಮುಂದಿನ ವಾರದಿಂದ ಪ್ರತಿ ಪಾಠದಲ್ಲೂ ಫಾಲೋಗಳಿಗೆ ಅರ್ಧ ಸಮಯ ಎಂದು ನಿರ್ಧರಿಸಿದೆವು.

ಹೊಸಹೆಜ್ಜೆ ಬರೆದದ್ದು:

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಮುಂದಿನ ಹಂತದ ತರಗತಿಗೆ ಸೇರಲಿಲ್ಲ. ಮೂರು ಮೂವ್‌ಗಳನ್ನಷ್ಟೇ ಇಟ್ಟುಕೊಂಡೆ, ಬೂಟಿಗೆ ಚಮ್ಮಾರರಿಂದ ಚರ್ಮದ ಅಟ್ಟೆ ಹಾಕಿಸಿಕೊಂಡೆ, ಶುಕ್ರವಾರದ ಬ್ಲೂಸ್ ಪಾಠಕ್ಕೂ ನಾಲ್ಕು ಸಲ ಹೋಗಿಬಂದೆ.

ಕಳೆದ ಶನಿವಾರದ ಸೋಷಿಯಲ್‌ನಲ್ಲಿ ಅರವತ್ತು ದಾಟಿದ ಒಬ್ಬ ಮಹಿಳೆ ನನ್ನನ್ನು ನೃತ್ಯಕ್ಕೆ ಕರೆದರು. ಮೊದಲ ಸ್ವಿಂಗ್‌ಔಟ್ ಆಯಿತು, ಎರಡನೆಯದೂ ಆಯಿತು. ಎಂದಿನಂತೆ ತಲೆ ಖಾಲಿಯಾಗತೊಡಗಿದಾಗ ಹೆಬ್ಬೆರಳು ಮೇಲೆತ್ತಿದೆ, ಗಿಟಾರನ್ನು ಹುಡುಕಿದೆ, ಸುಮ್ಮನೆ ತೂಗಿದೆ. ಒಂದೆರಡು ಅಳತೆಗಳು ಹಾಗೇ ಹೋದವು. ಆಗ ಟ್ರಂಪೆಟ್ ಒಂದು ಚಿಕ್ಕ ಸ್ವರಗುಚ್ಛ ನುಡಿಸಿತು, ಆ ಮಹಿಳೆ ಹಿಮ್ಮಡಿಯಿಂದ ನೆಲದ ಮೇಲೆ ಅದನ್ನೇ ಬಡಿದು ತೋರಿಸಿದರು. ಅದು ಮತ್ತೆ ಬರುತ್ತದೆಂದು ಹೇಗೋ ನನಗೆ ತಿಳಿದಿತ್ತು. ಬಂದಾಗ ನಾನೂ ಬಡಿದೆ, ಇಬ್ಬರ ಹಿಮ್ಮಡಿಗಳೂ ಒಟ್ಟಿಗೆ ಬಿದ್ದವು. ಹಾಡು ಮುಗಿಯುವವರೆಗೆ ನಾವು ಮಾಡಿದ್ದು ಬಹುಪಾಲು ಅದೇ. ನಾನು ಒಂದು ಸಲವೂ ಎಣಿಸಲಿಲ್ಲ ಎಂಬುದು ಮನೆಗೆ ಬರುವಾಗ ರೈಲಿನಲ್ಲಿ ನೆನಪಾಯಿತು.

ತಕಿಟ ಅವರಿಗೆ ಒಂದು ಪ್ರಶ್ನೆ ಉಳಿದಿದೆ. ವೇಗದ ಹಾಡುಗಳಲ್ಲಿ ‘ತಾ..ಟತಾ’ ಹೇಳಲು ನನ್ನ ನಾಲಿಗೆಗೆ ಸಮಯ ಸಿಗುತ್ತಿಲ್ಲ. ಆಗ ಟ್ರಿಪಲ್ ಸ್ಟೆಪ್ ಬಿಟ್ಟು ಎರಡೇ ಹೆಜ್ಜೆ ಇಡಬಹುದೇ, ಅಥವಾ ಸಣ್ಣದಾಗಿ ಇಡುತ್ತಲೇ ಅಭ್ಯಾಸ ಮಾಡಬೇಕೇ?

ತಕಿಟ ಬರೆದದ್ದು:

ಎರಡೇ ಹೆಜ್ಜೆ ಇಡಬಹುದು, ಹಲವರು ಹಾಗೆಯೇ ಮಾಡುತ್ತಾರೆ. ಆದರೆ ಮೊದಲು ಪಾದವನ್ನು ನೆಲದಿಂದ ಕಡಿಮೆ ಎತ್ತಿ, ಹೆಜ್ಜೆಗಳನ್ನು ಅಂಗೈ ಅಗಲಕ್ಕೆ ಇಳಿಸಿ ಒಂದು ವಾರ ಪ್ರಯತ್ನಿಸಿ. ಮೃದಂಗದಲ್ಲಿಯೂ ಮೇಲುಕಾಲಕ್ಕೆ ಹೋಗುವಾಗ ಕೈ ಚರ್ಮದಿಂದ ಹೆಚ್ಚು ಮೇಲೇಳದಂತೆ ನೋಡಿಕೊಳ್ಳುತ್ತೇವೆ. ಹಾಗೆ ಮಾಡಿ ನೋಡಿ, ಏನಾಯಿತೆಂದು ಬರೆಯಿರಿ.